ಕುಂಟನ ಕಿವಿಯ ನೊಣ

"ಇದೇ ಕೊನೇ ಡಬ್ಬಿ ಮಾವ. ಇದರಲ್ಲೂ ಹುಳು ಕಾಣದಿದ್ರೆ ಸೋಮವಾರದಿಂದ ಈ ಪ್ರಯೋಗದ ಕೋಣೆಗೆ ಬೀಗ ಹಾಕ್ತಾರಂತೆ," ಎಂದು ಡಾಕ್ಟರಮ್ಮ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು.

ಬೀದಿನಾಯಿಗಳ ಆಶ್ರಯದ ಕಾವಲುಗಾರ ಊರಿಗೆಲ್ಲ ಮಾವನೇ. ಚುಚ್ಚಿ ರಕ್ತ ಹೀರುವ ನೊಣಗಳೇ ರಕ್ತ ಸೇರಿ ನಾಯಿಯನ್ನು ಕೊಲ್ಲುವ ಹುಳುವನ್ನು ನಾಯಿಯಿಂದ ನಾಯಿಗೆ ಹೊತ್ತೊಯ್ಯುತ್ತಿರಬಹುದು ಎಂಬುದು ಡಾಕ್ಟರಮ್ಮನ ಗುಮಾನಿ. ನಾಯಿಗಳ ಮೈಮೇಲಿನ ನೊಣ ಹಿಡಿದುಕೊಡುವುದು ಮಾವನ ಕೆಲಸ. "ಸಂಬಳ ತಗೊಂಡು ನೊಣ ಹೊಡೆಯೋ ಗಂಡ ನನಗೊಬ್ಬಳಿಗೇ," ಎಂದು ಹೆಂಡತಿ ನಗುತ್ತಿದ್ದಳು. ಮೂರು ತಿಂಗಳಾದರೂ ಒಂದು ಹುಳುವೂ ಸಿಕ್ಕಿರಲಿಲ್ಲ. ಸಿಗುವುದಾದರೂ ಹೇಗೆ? ಆ ನೊಣಗಳನ್ನೆಲ್ಲ ಮಾವ ಹಿಡಿದಿದ್ದು ಪಕ್ಕದ ಕುದುರೆ ಲಾಯದಲ್ಲಿ!

ಅದಕ್ಕೆ ಕಾರಣ ಮೂರು ಕಾಲಿನ ಕುಂಟ, ಮಾವನ ಹಿಂದೆಯೇ ಸುತ್ತುವ ನಾಯಿ. ಹಿಂದಿನ ಡಾಕ್ಟರು ಹುಳುವಿದ್ದ ನಾಯಿಗೆ ಒಂದೇ ಒಂದು ಸೂಜಿ ಚುಚ್ಚುತ್ತಿದ್ದರು. ಆಮೇಲೆ ಅದು ಏಳುತ್ತಿರಲಿಲ್ಲ. ಹಾಗಾಗಿ ಪರೀಕ್ಷೆಗೆ ರಕ್ತ ತೆಗೆಯುವ ದಿನ ಮಾವ ಕುಂಟನನ್ನು ತನ್ನ ಮಂಚದಡಿ ಬಚ್ಚಿಟ್ಟಿದ್ದ. ನೊಣದಲ್ಲಿ ಹುಳು ಸಿಕ್ಕರೆ ಮತ್ತೆ ಎಲ್ಲ ನಾಯಿಗಳ ರಕ್ತ ನೋಡಿ ಕುಂಟನಿಗೂ ಸೂಜಿ ಹಾಕುತ್ತಾರೆಂದು ಹೆದರಿ ಲಾಯದ ನೊಣ ತಂದುಕೊಡುತ್ತಿದ್ದ. ಆದರೆ ವಾರದಿಂದ ಕುಂಟನಿಗೆ ಕೆಮ್ಮು, ಹತ್ತು ಹೆಜ್ಜೆಗೆ ಏದುಸಿರು. ಬಚ್ಚಿಟ್ಟರೂ ಅವನು ಉಳಿಯುವುದಿಲ್ಲ ಎನಿಸಿ ಇವತ್ತು ಮಾವ ಮನಸ್ಸು ಗಟ್ಟಿಮಾಡಿ, ಕುಂಟನ ಕಿವಿಯ ಮೇಲಿನ ನೊಣಗಳನ್ನೇ ಹಿಡಿದು ತಂದಿದ್ದ.

"ಮಾವಾ! ಬನ್ನಿ ಇಲ್ಲಿ!" ಡಾಕ್ಟರಮ್ಮ ಕುರ್ಚಿ ಬೀಳುವಂತೆ ಎದ್ದಳು. ಮಾವ ಇಣುಕಿದ. ದಾರದ ಎಳೆಯಂಥದ್ದೊಂದು ಮಿಸುಕಾಡುತ್ತಿತ್ತು.

"ಯಾವ ನಾಯಿ ಮೇಲಿದ್ದ ನೊಣ ಇದು?"

"ಕುಂಟಂದು. ಸೂಜಿ ಮಾತ್ರ ಹಾಕ್ಬೇಡಿ ತಾಯಿ, ನಿಮ್ಮ ಕಾಲಿಗೆ ಬೀಳ್ತೀನಿ." ಅವನು ಗಳಗಳನೆ ಅತ್ತೇಬಿಟ್ಟ. ಅಳುತ್ತಲೇ ಕುದುರೆ ಲಾಯ, ಮಂಚದಡಿ, ಎಲ್ಲವನ್ನೂ ಒಪ್ಪಿಕೊಂಡ.

ಅವಳು ತಲೆ ಚಚ್ಚಿಕೊಂಡಳು. "ಮೂರು ತಿಂಗಳು ಕುದುರೆ ನೊಣದ ಹೊಟ್ಟೆ ಬಗೆಸಿದ್ರಲ್ಲ ನನ್ನ ಕೈಲಿ! ಕೊಲ್ಲೋಕೆ ನಾನೇನು ಕಟುಕಳಾ? ಇದಕ್ಕೆ ಔಷಧಿ ಇದೆ. ನಿಧಾನ ಆಗುತ್ತೆ, ಓಡಾಡಿಸ್ಬಾರದು, ಆದ್ರೆ ಉಳೀತಾನೆ." ಕೋಪ ಹೆಚ್ಚು ಹೊತ್ತು ನಿಲ್ಲಲಿಲ್ಲ, ನಕ್ಕು ನಕ್ಕು ಅವಳ ಕಣ್ಣಲ್ಲೂ ನೀರು ಬಂತು. "ಒಂದು ಹುಳು ಸಿಕ್ಕಿದ ಮಾತ್ರಕ್ಕೆ ಈ ನೊಣಾನೇ ಅಂಟಿಸುತ್ತೆ ಅಂತ ಹೇಳೋಕಾಗಲ್ಲ. ಇನ್ನೂ ನೂರಾರು ನೋಡ್ಬೇಕು. ಕೋಣೆ ನಾನು ಉಳಿಸ್ಕೋತೀನಿ. ಸರಿಯಾಗಿ ಹಿಡ್ಕೊಡ್ತೀರಾ?"

ಮರುದಿನ ಬೆಳಗಿನ ಬಿಸಿಲಲ್ಲಿ ಮಾವ ಬಲೆ ಹಿಡಿದು, ಮೊದಲ ಔಷಧಿ ನುಂಗಿ ಮಲಗಿದ್ದ ಕುಂಟನ ಪಕ್ಕ ಕುಕ್ಕರಗಾಲಲ್ಲಿ ಕೂತ. ಒಂದು ನೊಣ ಬಂದು ಕಿವಿಯ ತುದಿಗೆ ಕೂತಿತು.

"ಅಲ್ಲಾಡ್ಬೇಡ ಕಣೋ ಪುಣ್ಯಾತ್ಮ," ಎಂದು ಮಾವ ಉಸಿರು ಬಿಗಿಹಿಡಿದ.

ಕುಂಟ ಪಟಪಟನೆ ಕಿವಿ ಬಡಿದ. ನೊಣ ಹಾರಿಹೋಯಿತು. ಅದು ಹೋದ ದಿಕ್ಕನ್ನೇ ಇಬ್ಬರೂ ನೋಡುತ್ತ ಕೂತರು.