ನುಜಹತ್ ಹಿಡಿದ ಬೆರಳು

ಕಳ್ಳನ ನೆರಳು ಗೋಡೆಯ ಮೇಲೆ ಬಿದ್ದರೆ ಸಾಕು, ಅವನ ಮುತ್ತಜ್ಜ ಯಾವ ಊರಿನಲ್ಲಿ ಏನು ಕದ್ದಿದ್ದನೆಂದು ಹೇಳಬಲ್ಲವನು ನಾನು. ನಲವತ್ತು ವರ್ಷ ಮೇಷ್ಟ್ರಾಗಿದ್ದ ಈ ಹೊನ್ನಾಳಿಯಲ್ಲಿ ಆ ವಿದ್ಯೆಗೆ ನನ್ನನ್ನು ಬಿಟ್ಟರೆ ಇನ್ನೊಬ್ಬರಿಲ್ಲವೆಂದೇ ನಂಬಿದ್ದೆ. ನನ್ನ ಹಳೆಯ ಶಿಷ್ಯೆ ನುಜಹತ್ ಆ ನಂಬಿಕೆಯನ್ನು ಕೆಡಿಸಿದಳು.

ನುಜಹತ್ ಕೂತದ್ದನ್ನು ಕಂಡವರು ಈ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ಒಂದು ಕಾಲು ಇಲ್ಲಿ, ಇನ್ನೊಂದು ಆಗಲೇ ಮುಂದಿನ ಬೀದಿಯಲ್ಲಿ ಎಂಬಂಥ ನಡಿಗೆ. ಅಪ್ಪ ಶೌಕತ್ ಅಲಿ ತೊಡುತ್ತಿದ್ದ ಖಾಕಿ ಕೋಟು ಮೊಣಕಾಲು ದಾಟಿ ಇಳಿದಿದ್ದು, ಅದರ ಜೇಬಿನಲ್ಲಿರುವ ನಟ್ಟು ಬಿಗಿಯುವ ಪಾನಾಗಳು ಹೆಜ್ಜೆಹೆಜ್ಜೆಗೂ ಝಣಗುಟ್ಟಿ ಅವಳ ಆಗಮನವನ್ನು ಎರಡು ಬೀದಿ ಮೊದಲೇ ಸಾರುತ್ತವೆ. ಯಾವ ಮಾತಿಗೂ ಮೊದಲು "ಅಲ್ಲ, ತಡೀರಿ" ಅನ್ನಲೇಬೇಕು. ಸಲಾಮು ಹೇಳುವಾಗಲೂ ಅಂದಾಳು.

ಅವಳದು ಅಡಿಕೆ ಸುಲಿಯುವ ಮಿಷನ್‌ಗಳ ರಿಪೇರಿ. ಕೊಯ್ಲಿನ ಮೂರು ತಿಂಗಳ ಕೆಲಸವೇ ಅಂಗಡಿಗೆ ವರ್ಷದ ಅನ್ನ. ಈ ಸಲ ಫೋನಿನ ಹುಡುಕಾಟದಲ್ಲಿ ಜಾಹೀರಾತು ಹಾಕಿಸಿದಳು: ಮಿಷನ್ ರಿಪೇರಿ ಎಂದು ಹುಡುಕಿದವರಿಗೆಲ್ಲ ಮೊದಲು ಅವಳ ಹೆಸರು, ಆ ಹೆಸರನ್ನು ಯಾರು ಒತ್ತಿದರೂ ಅವಳ ದುಡ್ಡು ಕಡಿತ, ದಿನಕ್ಕಿಟ್ಟ ದುಡ್ಡಿನ ಮಿತಿ ಮುಗಿದೊಡನೆ ಹೆಸರು ಮಾಯ. ಮೊದಲ ದಿನದಿಂದಲೇ ಬೆಳಿಗ್ಗೆ ಎಂಟಕ್ಕೆಲ್ಲ ಮಿತಿ ಖಾಲಿ, ಒಂದೂ ಕರೆಯಿಲ್ಲ.

"ನ್ಯಾಮತಿ ಮಾಲತೇಶನದೇ ಕೆಲಸ," ಎಂದು ತೀರ್ಪಿತ್ತೆ. ಅವನದೂ ಅದೇ ರಿಪೇರಿ. "ಕಂಪ್ಲೇಂಟ್ ಕೊಡವ್ವ!"

"ಅಲ್ಲ, ತಡೀರಿ ಮೇಷ್ಟ್ರೇ. ತೋಟದಿಂದ ಗೊನೆ ಬರಾದೇ ಮಧ್ಯಾಹ್ನ. ಬೆಳಿಗ್ಗೆ ಆರಕ್ಕೆ ಯಾರ ಮಿಷನ್ ಕೆಡ್ತೈತ್ರೀ? ಒತ್ತಾವ್ರು ಗಿರಾಕಿ ಅಲ್ಲ. ಒಂದೇ ಫೋನಿಂದ ಮತ್ತೆ ಮತ್ತೆ ಒತ್ತಿದ್ರೆ ಜಾಹೀರಾತು ಕಂಪನಿಯೋರ ಜರಡೀಲೇ ಸಿಗ್ತಿತ್ತು, ಇದು ಬ್ಯಾರೆ ಬ್ಯಾರೆ ಫೋನು. ಹೆಸರು ಆಮ್ಯಾಲೆ ಹೇಳಾಣ."

ಕೆಟ್ಟ ಮಿಷನ್ನಿಗೆ ಕಿವಿಗೊಡುವ ಅದೇ ತನ್ಮಯತೆಯಿಂದ, ಯಾವಾಗ ಎಲ್ಲಿಂದ ಒತ್ತಿದರೆಂದು ಹೇಳುವ ಜಾಹೀರಾತಿನ ವರದಿಯನ್ನು ಓದುತ್ತ ಅಂಗಡಿಯ ಉದ್ದಕ್ಕೂ ತಿರುಗಿದಳು. ಮಧ್ಯೆ ನಾನು ಜಗಳೂರಿಗೆ ಮದುವೆಗೆಂದು ಹೋಗಿ ಎರಡು ದಿನ ಬಿಟ್ಟು ಬಂದು ನೋಡಿದರೆ, ಇನ್ನೂ ತಿರುಗುತ್ತಲೇ ಇದ್ದಾಳೆ. ನೆಲದ ಸಿಮೆಂಟು ಸವೆದು ಕಾಲುವೆಯಾಗಿತ್ತು.

ಮರುದಿನ ಮಧ್ಯಾಹ್ನದ ಮೇಲೆ ಪಾನಾಗಳ ಸದ್ದು ನಮ್ಮ ಬಾಗಿಲಿಗೇ ಬಂತು.

"ಅಲ್ಲ, ತಡೀರಿ. ದಿನಾ ಹೊನ್ನಾಳಿಯಿಂದ ಒತ್ತಿದಾರೆ. ಎರಡೇ ದಿನ ಹೊನ್ನಾಳಿ ತಣ್ಣಗೈತೆ, ಜಗಳೂರಿಂದ ಒತ್ತಿದಾರೆ. ಆ ಎರಡು ದಿನ ಜಗಳೂರಾಗೆ ಯಾರಿದ್ರು ಮೇಷ್ಟ್ರೇ?"

ನನ್ನ ತೋರುಬೆರಳು ತಾನಾಗಿಯೇ ಜೇಬಿಗಿಳಿಯಿತು. ಬೆಳಗಿನ ವಾಕಿಂಗಿನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಮದುವೆಯ ಛತ್ರದಲ್ಲಿ ಕಂಡಕಂಡವರ ಫೋನು ಇಸಕೊಂಡು, "ನೋಡ್ರಿ, ನನ್ನ ಶಿಷ್ಯೆ ಹೆಂಗೆ ಎಲ್ಲರಿಗಿಂತ ಮೇಲೆ ಬರ್ತಾಳೆ!" ಎಂದು ಲಕ್ಷ ಸಲ ಒತ್ತಿ ತೋರಿಸಿದ ಬೆರಳು ಅದು. ದುಡ್ಡು ಹೋಗುವುದು ಕಳ್ಳರು ಒತ್ತಿದಾಗ ಮಾತ್ರವೆಂದು ತಿಳಿದಿದ್ದೆ.

"ಅಭಿಮಾನ ಕಣವ್ವ," ಎಂದೆ.

ಬೈಯಲಿಲ್ಲ. ನಿಂತಲ್ಲೇ ಜಾಹೀರಾತು ಮಧ್ಯಾಹ್ನದ ಮೇಲಷ್ಟೇ, ಹೊನ್ನಾಳಿ, ನ್ಯಾಮತಿ, ಚನ್ನಗಿರಿಯವರಿಗಷ್ಟೇ ಕಾಣುವಂತೆ ತಿದ್ದಿದಳು. ನಾಲ್ಕು ಗಂಟೆಗೆ ಸಾಸ್ವೆಹಳ್ಳಿಯಿಂದ ಮೊದಲ ಕರೆ ಬಂತು; ಗೊನೆಯೆಲ್ಲ ಅಂಗಳದಲ್ಲಿ ಬಿದ್ದಿದೆ, ಮಿಷನ್ ನಿಂತಿದೆ, ಬೇಗ ಬಾರವ್ವ ಎಂದು. ಅವಳ ಮುಖ ಅರಳಿದ್ದನ್ನು ನೋಡಿ ನನಗೆ ಜೀವ ಬಂತು.

ಎಲ್ಲೋ ಒಂದು ಸದ್ದು ತಪ್ಪಿದರೆ ಇಂಥ ಜೀವಗಳಿಗೆ ಕೂರಲಾಗದು; ಅದು ವೈರಿಯ ಅಂಗಡಿಯಲ್ಲಿರಲಿ, ಗುರುವಿನ ಜೇಬಿನಲ್ಲಿರಲಿ, ಹುಡುಕಿಕೊಂಡು ಹೋಗಿ ಬಿಗಿ ಮಾಡಿಯೇ ತೀರುತ್ತವೆ. ನಾನು ಮಾತ್ರ ಅಳುದನಿಯಲ್ಲಿ, "ಇನ್ನು ಬೆಳಿಗ್ಗೆ ಎದ್ದು ನಿನ್ನ ಹೆಸರು ನೋಡಾದು ಹೆಂಗವ್ವ?" ಎಂದೆ.

ಆಗಲೇ ಅರ್ಧ ಬೀದಿ ದಾಟಿದ್ದವಳು ತಿರುಗಿ ಕೂಗಿದಳು:

"ಅಲ್ಲ, ತಡೀರಿ! ಅಂಗಡಿ ಮುಂದೆ ನನ್ನ ಹೆಸರಿನ ಬೋರ್ಡ್ ಐತಲ್ಲ ಮೇಷ್ಟ್ರೇ, ಅದನ್ನ ದಿನಕ್ಕೆ ನೂರು ಸಲ ಒತ್ರಿ. ಪುಕ್ಕಟೆ!"