ಗಡ್ಡಿ ಮಂದು

ನನ್ನ ತಂಗಿ ಲಕ್ಷ್ಮಿದೇವಿ ತೀರಿಕೊಂಡ ಮೇಲೆ ಮಡಕಶಿರಾದ ಅವಳ ಮನೆಯಿಂದ ನಾನು ತಂದದ್ದು ಸುಗಂಧರಾಜದ ಗಡ್ಡೆಗಳನ್ನು ಮಾತ್ರ. ಅವಳ ಮಗ ಗೋವರ್ಧನ್ ಬೈಕು ನಿಲ್ಲಿಸಲು ಹಿತ್ತಲಿಗೆ ಸಿಮೆಂಟು ಹಾಕಿಸುವವನಿದ್ದ. "ದೊಡ್ಡಮ್ಮ, ಬೇಕಾದ್ರೆ ಅಷ್ಟೂ ಕಿತ್ಕೊಂಡು ಹೋಗು. ಸಿಮೆಂಟ್ ಕೆಳಗೆ ಹೋದ್ರೆ ನನಗೂ ಹೊಟ್ಟೆ ಉರೀತೈತೆ" ಅಂದ. ಒಂದನ್ನೂ ಬಿಡದೆ ಅಗೆದು, ಅವಳ ಹಳೆಯ ಸೀರೆಯಲ್ಲಿ ಗಂಟು ಕಟ್ಟಿ ರಾಯದುರ್ಗಕ್ಕೆ ತಂದೆ. ವರ್ಷದ ತಿಥಿಗೆ ಅವಳ ಫೋಟೋಕ್ಕೆ ಅವಳದೇ ಹೂ ಹಾಕುತ್ತೇನೆ ಎಂದು ಅವನಿಗೆ ಮಾತು ಕೊಟ್ಟೆ.

ನನ್ನ ಅಂಗಳದಲ್ಲಿ ಮಣ್ಣಿಲ್ಲ, ಪೂರ್ತಿ ಕಡಪಾ ಕಲ್ಲು. ಕುಂಡ ಕೊಳ್ಳುವ ಯೋಚನೆಯಲ್ಲಿದ್ದಾಗ ಪಕ್ಕದ ಮನೆಯ ಹಂಪಕ್ಕ ನಕ್ಕಳು. ಅವಳು ಮನೆಯಲ್ಲೇ ಕೂತು ಜೀನ್ಸ್ ಪ್ಯಾಂಟುಗಳ ದಾರ ಕತ್ತರಿಸುವ ಕೆಲಸ ಮಾಡುತ್ತಾಳೆ.

"ಕುಂಡ ಯಾಕ್ರಿ ಅಮ್ಮಾರೇ? ಕಾಲು ಐದಾವಲ್ಲ!"

ಹೊಲಿಗೆ ಕೆಟ್ಟು ಎಸೆದಿದ್ದ ಪ್ಯಾಂಟಿನ ಕಾಲುಗಳನ್ನು ತಂದು, ಒಂದು ತುದಿ ಹೊಲಿದು ಕೊಟ್ಟಳು. ಅವುಗಳಲ್ಲಿ ಮಣ್ಣು, ಮರಳು, ಅವಳ ಅಣ್ಣ ಪೆದ್ದಣ್ಣನ ಕುರಿ ಹಟ್ಟಿಯ ಗೊಬ್ಬರ ತುಂಬಿ, ಶಿವರಾತ್ರಿ ಕಳೆದ ಮೇಲೆ ಗಡ್ಡೆ ಊರಿದೆ. ಜೀನ್ಸ್ ಬಟ್ಟೆ ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ, ಬೇರಿಗೆ ಗಾಳಿಯೂ ಆಡುತ್ತದೆ. ಮೇಲೆ ಶೇಂಗಾ ಸಿಪ್ಪೆ ಹರಡಿದರೆ ನಮ್ಮ ಬಿಸಿಲಿಗೂ ಮಣ್ಣು ಎರಡು ದಿನ ತಂಪಾಗಿರುತ್ತದೆ. ನಲ್ಲಿ ನೀರು ಬಾರದ ದಿನ ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು. ಗೊಬ್ಬರಕ್ಕೆಂದು ಒಂದು ರೂಪಾಯಿಯೂ ಹೊರಗೆ ಹೋಗಲಿಲ್ಲ. ಎಲೆ ಕರಿಹಸಿರಾಗಿ ಎದ್ದವು.

ಒಂದು ದಿನ ಹಂಪಕ್ಕ, "ನನಗೊಂದು ಗಡ್ಡಿ ಕೊಡ್ರಿ ಅಮ್ಮಾರೇ, ನಮ್ಮ ಬಾಗಲಾಗೂ ಘಮಘಮ ಅನ್ಲಿ" ಅಂದಳು.

"ಈ ವರ್ಷ ಬೇಡ ಹಂಪಕ್ಕ. ತಿಥಿ ಆಗಲಿ, ಮರಿ ಒಡೆದ ಮೇಲೆ ಕೊಡ್ತೀನಿ."

"ಆಗ್ಲಿ ಬಿಡ್ರಿ. ಗಡ್ಡಿ ಎಲ್ಲಿಗೆ ಓಡಿ ಹೋಗ್ತಾವ?" ಎಂದು ತಾನೇ ನನ್ನನ್ನು ಸಮಾಧಾನ ಮಾಡಿದಳು.

ಕೊಡಬಹುದಿತ್ತು. ತಂಗಿಯಾಗಿದ್ದರೆ ಕೇಳುವ ಮೊದಲೇ ಎರಡು ಕಿತ್ತು ಕೈಗಿಡುತ್ತಿದ್ದಳು.

ನಾನು ಮೂವತ್ತು ವರ್ಷ ಶಾಖಾ ಗ್ರಂಥಾಲಯದಲ್ಲಿ ಕೆಲಸ ಮಾಡಿದವಳು. ಹಂಪಕ್ಕ ಐವತ್ತು ದಾಟಿದ ಮೇಲೆ ನನ್ನ ಹತ್ತಿರ ಅಕ್ಷರ ಕಲಿತಳು. ಮನೆಮಾತು ಕನ್ನಡವಾದರೂ ಕಲಿತದ್ದು ತೆಲುಗು ಅಕ್ಷರ. ನಮ್ಮೂರು ಆಂಧ್ರಕ್ಕೆ ಸೇರಿದ್ದು; ಬಸ್ಸಿನ ಬೋರ್ಡು, ಪಿಂಚಣಿ ಕಾಗದ, ಎಲ್ಲ ಅದರಲ್ಲೇ ತಾನೇ ಇರುವುದು. ದಾರ ಕತ್ತರಿಸುತ್ತಲೇ ಒಂದೊಂದು ಅಕ್ಷರವನ್ನು ಬಾಯಲ್ಲಿ ಇಟ್ಟುಕೊಂಡು ತಿರುಗಿಸುತ್ತಿದ್ದಳು. ಮೊದಲ ಸಲ ಬಸ್‌ಸ್ಟ್ಯಾಂಡಿನಲ್ಲಿ ಓದು ಕೂಡಿದ ದಿನ ಕಂಡಕ್ಟರನನ್ನು ತಡೆದು, "ಬಾಯಿ ಮುಚ್ಚಪ್ಪ, ಕೂಗಬ್ಯಾಡ, ನಾನ ಓದತೀನಿ" ಅಂದಿದ್ದಳು. ಆಮೇಲೆ ಅವಳ ಜೊತೆ ಪೇಟೆಗೆ ಹೋಗುವುದೇ ಕಷ್ಟವಾಯಿತು. ಔಷಧಿ ಅಂಗಡಿ, ಚಪ್ಪಲಿ ಅಂಗಡಿ, ಗೋಡೆಯ ಮೇಲಿನ ಜಾಹೀರಾತು, ಎಲ್ಲದರ ಮುಂದೂ ನಿಲ್ಲುತ್ತಿದ್ದಳು.

ಗೌರಿ ಹಬ್ಬದ ಹೊತ್ತಿಗೆ ಮೂರು ಗಿಡದಲ್ಲಿ ಹೂಕಡ್ಡಿ ಇಣುಕಿತು. ಅದೇ ವಾರ ಬಳ್ಳಾರಿಯಲ್ಲಿ ನನ್ನ ಕಣ್ಣಿನ ಪೊರೆ ತೆಗೆದರು. ಎರಡು ವಾರ ಬಗ್ಗಬಾರದು, ಮಣ್ಣು ಮುಟ್ಟಬಾರದು, ಬಿಸಿಲಿಗೆ ಹೋಗಬಾರದು. ನಾನು ಕರಿಕನ್ನಡಕ ಹಾಕಿಕೊಂಡು ಒಳಕೋಣೆಯಲ್ಲಿ ಕೂತೆ. ಹಂಪಕ್ಕನೇ ಅಡುಗೆ ಮಾಡಿದಳು, ಹೊತ್ತು ತಪ್ಪದೆ ಕಣ್ಣಿಗೆ ಹನಿ ಬಿಟ್ಟಳು, ಗಿಡಕ್ಕೆ ನೀರು ಹಾಕಿದಳು. ಗಿಡ ಹೇಗಿದೆ ಎಂದರೆ ಮೊದಲು, "ಚಲೋ ಐದಾವ್ರಿ" ಎನ್ನುತ್ತಿದ್ದಳು. ಕಡೆಗೆ, "ನೀವು ಮೊದಲು ಕಣ್ಣು ನೋಡ್ಕೋರಿ" ಎನ್ನತೊಡಗಿದಳು.

ಹದಿನೈದನೆಯ ದಿನ ಅಂಗಳಕ್ಕೆ ಬಂದೆ. ಹೊಸ ಕಣ್ಣಿಗೆ ಎಲ್ಲವೂ ಚೊಕ್ಕವಾಗಿ ಕಂಡಿತು. ಸಾಲಾಗಿ ನಿಂತ ನೀಲಿ ಕಾಲುಗಳ ಮೇಲೆ ಎಲೆಗಳೆಲ್ಲ ಒಣಗಿದ ಬತ್ತದ ಹುಲ್ಲಿನ ಬಣ್ಣಕ್ಕೆ ತಿರುಗಿ ಜೋತುಬಿದ್ದಿದ್ದವು. ಹೂಕಡ್ಡಿ ಮುಟ್ಟಿದರೆ ಕೈಗೆ ಬಂತು.

"ಬಿಸಲ ಹೊಡ್ತಾರಿ ಇದು" ಎನ್ನುತ್ತಾ ಹಂಪಕ್ಕ ಹಿಂದೆಯೇ ಬಂದಳು. ಕೈಯಲ್ಲಿ ತಂಪು ಪಾನೀಯದ ಹಳೆಯ ಬಾಟಲಿ. "ನೀವು ಬಳ್ಳಾರಿಗೆ ಹೋದಾಗ ಪೆದ್ದಣ್ಣನ ಹೊಲದಿಂದ ತಂದೆ. ನೇಮಕಲ್ಲಿನಾಗ ಅವನ ಉಳ್ಳಾಗಡ್ಡಿ ಹೆಂಗ ಬಂದೈತಿ ಗೊತ್ತೇನ್ರಿ? ಅವ ಕುರಿ ಹಿಂದ ಹೋಗಿದ್ದ, ಕೇಳಾಕ ಸಿಗಲಿಲ್ಲ. ಆದ್ರ ಚೀಟಿ ಹಚ್ಚಿದ್ದ, ನಾನ ಓದಿ ತಂದೆ. ಎಲಿ ಮ್ಯಾಲೆಲ್ಲ ಚಿಮುಕಿಸೀನಿ. ಕಡಿಮಿ ಆತೇನೋ, ಇನ್ನೊಂದ ಸಲ ಹಾಕಿ ನೋಡ್ತೀನಿ. ಆಮ್ಯಾಲೆ ನಮ್ಮ ತಂಗಿ ಮಡಿಗೂ ಹಾಕೂದೈತಿ. ಅಕೀದೂ ಉಳ್ಳಾಗಡ್ಡಿನ."

ಬಾಟಲಿ ಈಸಿಕೊಂಡೆ. ಪೆದ್ದಣ್ಣನ ವಕ್ರ ತೆಲುಗು ಅಕ್ಷರ: ಗಡ್ಡಿ ಮಂದು.

ಈ ಕಡೆಯ ಕನ್ನಡದಲ್ಲಿ ಗಡ್ಡಿ ಎಂದರೆ ಗಡ್ಡೆ. ತೆಲುಗಿನಲ್ಲಿ ಹುಲ್ಲು; ಮಂದು ಎಂದರೆ ಔಷಧ. ಹುಲ್ಲು ಸಾಯಿಸಲು ಇಟ್ಟ ಔಷಧ ಅದು. ಹಂಪಕ್ಕನಿಗೆ ಎರಡೂ ಭಾಷೆ ಬರುತ್ತದೆ. ಯಾರಾದರೂ ಬಾಯಲ್ಲಿ ಹೇಳಿದ್ದರೆ ತಕ್ಷಣ ತಿಳಿಯುತ್ತಿತ್ತು. ಅಕ್ಷರ ಕೂಡಿಸಿ ಓದುವವರಿಗೆ ಓದು ಕೂಡಿದ್ದೇ ದೊಡ್ಡದು. ಉಳ್ಳಾಗಡ್ಡಿ ಹೊಲದಲ್ಲಿ ನಿಂತು, ನನ್ನ ಗಡ್ಡೆಗಳನ್ನೇ ಮನಸ್ಸಿನಲ್ಲಿಟ್ಟುಕೊಂಡು ಅವಳು ಅದನ್ನು ತನ್ನ ಮಾತಿನಲ್ಲೇ ಓದಿಕೊಂಡಿದ್ದಳು.

ಚಾಕು ತಂದು ಒಂದು ಕಾಲನ್ನು ಸೀಳಿದೆ. ಗಡ್ಡೆ ಕೊಳೆತು ಬೆರಳಿಗೆ ಮೆತ್ತಗೆ ಹತ್ತಿತು. ಇನ್ನೊಂದು, ಮತ್ತೊಂದು. ಇದ್ದ ಹನ್ನೊಂದು ಕಾಲನ್ನೂ ಸೀಳಿದೆ. ಬಗ್ಗಬಾರದೆಂದು ಡಾಕ್ಟರು ಹೇಳಿದ್ದು ಹಂಪಕ್ಕನಿಗೆ ನೆನಪಿತ್ತು. ನನ್ನ ಹಣೆಯನ್ನು ಅಂಗೈಯಲ್ಲಿ ಆನಿಸಿ ಹಿಡಿದುಕೊಂಡೇ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು.

ಬಿಸಿಲಿನ ಹೊಡೆತ ಎಂದು ಒಪ್ಪಿಕೊಂಡುಬಿಡಬಹುದಿತ್ತು. ಒಪ್ಪಿಕೊಳ್ಳುವವಳೇ ಇದ್ದೆ. ಆದರೆ ಬಾಟಲಿಯಲ್ಲಿ ಇನ್ನೂ ಅರ್ಧ ಇತ್ತು, ಅದು ಅವಳ ತಂಗಿಯ ಉಳ್ಳಾಗಡ್ಡಿ ಮಡಿಗೆ ಹೋಗುವುದಿತ್ತು.

"ಹಂಪಕ್ಕ, ಈ ಚೀಟಿ ಇನ್ನೊಂದು ಸಲ ಓದು."

"ಗಡ್ಡಿ ಮಂದು" ಎಂದಳು. ಬೆರಳನ್ನೂ ಇಡಲಿಲ್ಲ, ಅಷ್ಟು ಸಲೀಸಾಗಿ.

"ಅದನ್ನೇ ತೆಲುಗಿನ ಮಾತು ಅಂತ ಓದು."

ಓದಲು ಬಾಯಿ ತೆರೆದಳು. ನನ್ನ ಹಣೆಯ ಮೇಲಿದ್ದ ಕೈ ಮೊದಲು ತಣ್ಣಗಾಯಿತು, ಆಮೇಲೆ ಇಲ್ಲವಾಯಿತು.

"ನಿಮ್ಮ ತಂಗೀದು..." ಅಂದಳು.

"ನೀನು ಒಳ್ಳೇದಕ್ಕೆ ಮಾಡಿದ್ದು ಹಂಪಕ್ಕ. ನಾನೇ ಒಂದು ಗಡ್ಡೆ ನಿನಗೆ ಕೊಟ್ಟಿದ್ರೆ ನಿಮ್ಮ ಬಾಗಿಲಲ್ಲಿ ಒಂದಾದರೂ ಉಳೀತಿತ್ತು."

"ಅಲ್ಲೂ ಹಾಕ್ತಿದ್ದೆರಿ" ಎಂದಳು. "ಅದಕ್ಕ ಮೊದಲು ಹಾಕ್ತಿದ್ದೆ." ಬಾಟಲಿಯ ಮುಚ್ಚಳ ಬಿಗಿ ಮಾಡುತ್ತಾ, "ಪೆದ್ದಣ್ಣ ಬರೂತನಕ ಕೂತು ಕೇಳಿದ್ರ ಆಗ್ತಿತ್ತು. ಓದಾಕ ಬರತೈತಿ ಅಂತ ಸೊಕ್ಕು ನನಗ."

ಗೋವರ್ಧನನಿಗೆ ಫೋನು ಮಾಡಿ ಹೂ ಇಲ್ಲ ಎಂದೆ. ಕಾರಣ ಹೇಳಲಿಲ್ಲ. "ನೀನು ಬಾ ದೊಡ್ಡಮ್ಮ, ಅಷ್ಟು ಸಾಕು" ಅಂದ. ಆ ಮೇಲೆ, ಯಾಕೋ, "ಒಂದೂ ಇಲ್ವಾ?" ಎಂದು ಕೇಳಿದ.

ತಿಥಿಯ ಹಿಂದಿನ ದಿನ ಹಂಪಕ್ಕ ಕರೆಯದೆಯೇ ನನ್ನ ಜೊತೆ ಹೊರಟಳು. ಒಬ್ಬರೇ ಹೋದರೆ ಕಣ್ಣಿಗೆ ಧೂಳು ಬಿದ್ದರೆ ಯಾರು ನೋಡುತ್ತಾರೆ ಎಂದಳು. ನನ್ನ ಚೀಲವನ್ನೂ ಅವಳೇ ಹೊತ್ತಳು. ಬಸ್‌ಸ್ಟ್ಯಾಂಡಿನವರೆಗೆ ದಾರಿಯುದ್ದಕ್ಕೂ ಅಂಗಡಿಗಳಿದ್ದವು. ಅವಳು ನೆಲ ನೋಡಿಕೊಂಡು ನಡೆದಳು. ನಾವು ಕಲ್ಯಾಣದುರ್ಗಕ್ಕೆ ಹೋಗಿ ಬಸ್ಸು ಬದಲಿಸಬೇಕಿತ್ತು. ಒಂದು ಬಸ್ಸು ಬಂದು ನಮ್ಮ ಎದುರೇ ನಿಂತಿತು.

ಹಂಪಕ್ಕ ಮುಂದೆ ಹೋಗಿ ಕಿಟಕಿಯ ಪಕ್ಕ ಕೂತಿದ್ದವನನ್ನು ಕೇಳಿದಳು: "ಇದು ಎಲ್ಲಿಗೆ ಹೋಗತೈತಪ್ಪ?"

"ಬೋರ್ಡ್ ಕಾಣಂಗಿಲ್ಲೇನಮ್ಮ? ಆನಿಯಂಗ ದೊಡ್ಡದಾಗಿ ಬರದಾರ!"

"ನನಗ ಓದಾಕ ಬರಂಗಿಲ್ಲಪ್ಪ" ಎಂದಳು ಹಂಪಕ್ಕ.

ಅವನು ಕಲ್ಯಾಣದುರ್ಗ ಎಂದ. ಅವಳು ತಿರುಗಿ ಬಂದು ನನ್ನ ಮೊಣಕೈ ಹಿಡಿದು ಮೆಟ್ಟಿಲು ಹತ್ತಿಸಿದಳು.