ದ್ವಾದಶಿಯ ಫೋನು

ಜಯಲಕ್ಷ್ಮೀ ಮಡಿಯುಟ್ಟು ಪಾರಣೆಗೆ ಅಗಸೆ ಸೊಪ್ಪು ಬಿಡಿಸುತ್ತಿದ್ದಾಗ ಫೋನು ಬಡಿದುಕೊಂಡಿತು. ದ್ವಾದಶಿ ಬೆಳಗ್ಗೆ, ಆರೂಕಾಲು. ಗಂಡ ಪಂಢರಿನಾಥ ಮಠಕ್ಕೆ ಹೋಗಿದ್ದರು. ಮಗಳು ಶ್ರೀಪ್ರಿಯಾಳನ್ನು ತಾನೇ ಬೇಕೆಂದು ಬಾಳೆಎಲೆ ತರಲು ಮೈಲಾಪೂರಿನ ಕೊಳದ ಬೀದಿಗೆ ಅಟ್ಟಿದ್ದಳು.

ಮಡಿಯಲ್ಲಿ ಫೋನು ಮುಟ್ಟುವಂತಿಲ್ಲ. ಹದಿನೈದು ದಿನಕ್ಕೊಮ್ಮೆ ಶ್ರೀಪ್ರಿಯಾಳ ಅಮ್ಮನ ಕೈ ಹೀಗೆ ಕಟ್ಟಿರುತ್ತದೆಂದು ತಿಳಿದೇ ನವ್ಯಾ ಈ ಹೊತ್ತಿಗೆ ಹಾಸನದಿಂದ ಫೋನು ಮಾಡುತ್ತಿದ್ದಳು. ಕಾಲೇಜಿನ ಮೂರು ವರ್ಷವೂ ಶ್ರೀಪ್ರಿಯಾಳಿಗೆ ಅಂಟಿಕೊಂಡೇ ಇದ್ದ ಹುಡುಗಿ. ಇಬ್ಬರೂ ಒಬ್ಬರಿಗೊಬ್ಬರು ಬರೆದ ಕಾಗದಗಳು ಸಿಕ್ಕಿದ ಮೇಲೆ ನವ್ಯಾಳ ಅಪ್ಪ ಅವಳನ್ನು ಊರಿಗೆ ಎಳೆದೊಯ್ದಿದ್ದ.

ಅಂದಿನಿಂದ ಶ್ರೀಪ್ರಿಯಾಳ ತಟ್ಟೆಯಲ್ಲಿ ಅನ್ನ ಉಳಿಯುತ್ತಿತ್ತು. ದ್ವಾದಶಿಯಂದು ಮಾತ್ರ ಎರಡು ಸಲ ಬಡಿಸಿಕೊಳ್ಳುವಳು, ಎರಡು ದಿನ ನಗುವಳು. ಪಾರಣೆಯ ಪುಣ್ಯವೆಂದು ಜಯಲಕ್ಷ್ಮೀ ರಾಯರಿಗೆ ತುಪ್ಪದ ದೀಪ ಹಚ್ಚಿದ್ದೇ ಹಚ್ಚಿದ್ದು. ಹೋದ ದ್ವಾದಶಿ ಬಾಗಿಲ ಮರೆಯಲ್ಲಿ ನಿಂತು ಅವಳ ಫೋನಿನ ಮಾತು ಕೇಳಿದಾಗಲೇ ಗೊತ್ತಾದದ್ದು, ಮಗಳ ಗಂಟಲಲ್ಲಿ ಅನ್ನ ಇಳಿಸುತ್ತಿದ್ದವರು ರಾಯರಲ್ಲವೆಂದು.

ಫೋನು ನಿಲ್ಲಲಿಲ್ಲ. ಅವಳು ಎದ್ದು ಹೋಗಿ ಎತ್ತಿದಳು.

“ಪ್ರಿಯಾ, ಊಟ ಸೇರ್ತಿದ್ಯೇನೇ?”

“ನಾನಮ್ಮ, ಅವಳ ತಾಯಿ.”

“ಆಂಟಿ... ಇವತ್ತು ನಿಮಗೆ ಮಡಿ ಅಲ್ವಾ?”

“ಮಡಿ ಹೋದರೆ ಇನ್ನೊಂದು ಸ್ನಾನ ಮಾಡಿದರಾಯಿತು. ಮಾನ ಹೋದರೆ? ಪ್ರಿಯಾಗೆ ಗಂಡು ಗೊತ್ತಾಗಿದೆ. ಆ ಪೀಡೆ ಫೋನ್ ಮಾಡಿದರೆ ಇಟ್ಟುಬಿಡು ಅಂತ ಅವಳೇ ಹೇಳಿದ್ದಾಳೆ.”

“ಪೀಡೆ ಅಂದಳಾ?”

“ಇನ್ನೂ ಏನೇನೋ ಅಂದಳು. ಎಲ್ಲ ಹೇಳಲಾ ಮಗು?” ತೊಟ್ಟಿಲು ತೂಗುವ ದನಿಯಲ್ಲೇ ಕೇಳಿದಳು.

ಹುಡುಗಿ ಅಳಲಿಲ್ಲ. “ಖಾಲಿ ಹೊಟ್ಟೆಗೆ ಅವಳಿಗೆ ಕಾಫಿ ಕೊಡಬೇಡಿ ಆಂಟಿ, ತಲೆ ಸುತ್ತುತ್ತೆ” ಎಂದು ಇಟ್ಟುಬಿಟ್ಟಳು.

ಶ್ರೀಪ್ರಿಯಾ ಎಲೆ ಹಿಡಿದು ಬಂದಾಗ ಅಮ್ಮ ತಲೆಗೆ ನೀರು ಹುಯ್ದುಕೊಂಡು, ಒದ್ದೆ ಸೀರೆಯಲ್ಲಿ ಬಚ್ಚಲಿನಿಂದ ಬರುತ್ತಿದ್ದಳು. ಸೊಪ್ಪು ಅರ್ಧಕ್ಕೇ ಬಿದ್ದಿತ್ತು. ಇಪ್ಪತ್ತು ವರ್ಷದಲ್ಲಿ ದ್ವಾದಶಿಯಂದು ಅಮ್ಮ ಎರಡು ಸಲ ಮಿಂದದ್ದನ್ನು ಅವಳು ಕಂಡಿರಲಿಲ್ಲ.

“ಫೋನ್ ಮುಟ್ಟಿದೆಯಾ?”

“ನಿನ್ನ ಒಳ್ಳೇದಕ್ಕೇ, ಕಣ್ಣಾ. ಇನ್ನು ಅವಳು ಮಾಡಲ್ಲ.”

ಶ್ರೀಪ್ರಿಯಾ ಕೂಗಾಡಲಿಲ್ಲ. ಎಲೆ ನೆಲಕ್ಕಿಟ್ಟು, ಬೆಳೆದ ಮೇಲೆ ಎಂದೂ ಮಾಡದ ಹಾಗೆ ತೋಳು ಚಾಚಿ ಅಮ್ಮನ ಕಡೆ ಬಂದಳು.

ಜಯಲಕ್ಷ್ಮೀ ಗೋಡೆಗೆ ಸರಿದಳು. “ದೂರ, ದೂರ. ಈಗ ತಾನೇ ಮಿಂದಿದ್ದೀನಿ.”

ತೋಳು ಇಳಿಯಿತು.

“ಇನ್ನು ನಾನು ಯಾರ ಹತ್ತಿರ ಮಾತಾಡಲಿ, ಅಮ್ಮಾ?”